ಜನಪ್ರಿಯ ಕಡಲತೀರಕ್ಕೆ ಹೋಗುವಾಗ ಅಲ್ಲಿನ ನಿವಾಸಿಗಳು ಏನನ್ನು ಗಮನಿಸುತ್ತಾರೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಂದಿನ ರಜೆಯಲ್ಲಿ ವಯಸ್ಸಾದ ತಂದೆ-ತಾಯಿ ಹಾಗೂ ಇಬ್ಬರು ಚಿಕ್ಕ ಮಕ್ಕಳೊಂದಿಗೆ ಹೆಸರಾಂತ ಕಡಲತೀರವೊಂದಕ್ಕೆ ಹೋಗಬೇಕೆಂದಿದ್ದೇವೆ. ನಮ್ಮದು ಒಳನಾಡು, ಸಮುದ್ರದ ಬಗ್ಗೆ ನಮಗಿರುವ ತಿಳಿವಳಿಕೆ ಚಿತ್ರಗಳನ್ನು ನೋಡಿ ಬಂದದ್ದೇ ಹೆಚ್ಚು. ಪ್ರವಾಸದ ಬರಹಗಳನ್ನು ಓದಿದರೆ ಸೂರ್ಯಾಸ್ತದ ಹೊತ್ತಿಗೆ ಹೋಗಿ ಎಂಬ ಮಾತೇ ಮತ್ತೆ ಮತ್ತೆ ಸಿಗುತ್ತದೆ. ಕಡಲ ದಂಡೆಯಲ್ಲೇ ಬದುಕುವವರು ತಮ್ಮ ಮನೆಯವರನ್ನು ನೀರಿನ ಬಳಿಗೆ ಕರೆದೊಯ್ಯುವಾಗ ಯಾವ ಹೊತ್ತನ್ನು ಆರಿಸಿಕೊಳ್ಳುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಏನನ್ನು ಕಂಡರೆ ಹಿಂದೆ ಸರಿಯುತ್ತಾರೆ ಎಂಬುದನ್ನು ಅವರಿಂದಲೇ ಕೇಳಿ ತಿಳಿಯಬೇಕೆಂಬುದು ನನ್ನ ಆಸೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ದಂಡೆಯ ನಿವಾಸಿ

ಪ್ರವಾಸಿಗರಿಂದ ತುಂಬಿರುವ ತೀರವೊಂದರ ಪಕ್ಕದಲ್ಲೇ ನಮ್ಮ ಮನೆಯಿದೆ. ಹೊರಡುವ ಮೊದಲು ನಾವು ನೋಡುವುದು ಉಬ್ಬರ-ಇಳಿತಗಳ ವೇಳೆಯನ್ನು. ಹೆಚ್ಚಿನ ಕರಾವಳಿಗಳಲ್ಲಿ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ; ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ ಆ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೀಗಾಗಿ, ಕಳೆದ ವಾರ ಹೋಗಿಬಂದವರು ಬೆಳಿಗ್ಗೆ ಎಂಟಕ್ಕೆ ದಂಡೆ ಬಹಳ ವಿಶಾಲವಾಗಿತ್ತು ಎಂದು ಹೇಳಿದರೆ, ಅದನ್ನು ನಂಬಿ ನೀವು ಈ ವಾರ ಅದೇ ಎಂಟಕ್ಕೆ ಹೋದಾಗ ನೀರು ಮೇಲಿನವರೆಗೂ ಬಂದಿರುವ ಸಂಭವವೇ ಹೆಚ್ಚು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದೇ ನೇರಕ್ಕೆ ಕೂಡಿಕೊಳ್ಳುವುದರಿಂದ ಏರಿಳಿತ ದೊಡ್ಡದಾಗಿರುತ್ತದೆ. ಅಷ್ಟಮಿಯ ಸುತ್ತಮುತ್ತ ಅದು ಸಣ್ಣದು.

ಹಿರಿಯರು ಜೊತೆಗಿದ್ದರೆ ಬೆಳಗಿನ ಇಳಿತದ ದಿನವನ್ನು ಆರಿಸಿಕೊಳ್ಳಿ. ನೀರು ಆಗಷ್ಟೇ ಬಿಟ್ಟುಹೋದ ಒದ್ದೆ ಮರಳು ಗಟ್ಟಿಯಾಗಿರುವುದರಿಂದ ಮಂಡಿನೋವಿದ್ದವರೂ ಅದರ ಮೇಲೆ ನಡೆಯಬಲ್ಲರು. ಒಣಮರಳಿನಲ್ಲಿ ಹೆಜ್ಜೆ ಹೂತುಹೋಗಿ ಬೇಗ ದಣಿಯುತ್ತಾರೆ. ಗಾಳಿಯ ದೃಷ್ಟಿಯಿಂದಲೂ ಬೆಳಿಗ್ಗೆಯೇ ಒಳ್ಳೆಯದು. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ಆದ್ದರಿಂದ ಬೆಳಿಗ್ಗೆ ನಯವಾಗಿದ್ದ ನೀರಿನ ಮೇಲ್ಮೈ ಮಧ್ಯಾಹ್ನದ ಹೊತ್ತಿಗೆ ಕದಡಿದಂತಾಗುತ್ತದೆ. ಸಂಜೆ ಸೂರ್ಯಾಸ್ತ ನೋಡಲು ಇಡೀ ಊರೇ ಸೇರುವ ಹೊತ್ತಿನಲ್ಲಿ ಗುಂಪಿನ ನಡುವೆ ಮಕ್ಕಳನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ಬಹಳ ಕಷ್ಟ.

ಇನ್ನೊಂದು ಮಾತು ನಮ್ಮ ಪರವಾಗಿ. ದೋಣಿಗಳನ್ನು ನೀರಿಗೆ ಇಳಿಸುವ ಇಳಿಜಾರಿನಲ್ಲಿ ವಾಹನ ನಿಲ್ಲಿಸಬೇಡಿ. ಅಲ್ಲಿ ಖಾಲಿ ಜಾಗ ಕಂಡರೆ ಅದು ಖಾಲಿಯಾಗಿಯೇ ಇರಬೇಕಾದ ಜಾಗ. ಯಾರಾದರೂ ನೀರಿನಲ್ಲಿ ಸಿಲುಕಿದಾಗ ದೋಣಿ ಹೊರಡುವುದೂ ಅಲ್ಲಿಂದಲೇ.

ಉತ್ತರ: ಜೀವರಕ್ಷಣೆಯ ತರಬೇತಿ ಪಡೆದವರು

ಮೇಲಿನವರು ಹೇಳಿದ್ದನ್ನು ನಾನು ಒಪ್ಪುತ್ತೇನೆ, ಆದರೆ ಒಂದು ವಿಷಯವನ್ನು ಸೇರಿಸದೆ ಬಿಡುವಂತಿಲ್ಲ. ನಡೆಯಲು ಇಳಿತದ ವೇಳೆ ಒಳ್ಳೆಯದು. ನೀರಿಗೆ ಇಳಿಯುವವರಿಗೆ ಅದೇ ವೇಳೆ ಅನೇಕ ತೀರಗಳಲ್ಲಿ ಹೆಚ್ಚು ಅಪಾಯಕಾರಿ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂದಿರುಗಲೇಬೇಕಲ್ಲವೇ? ನೀರಿನಡಿಯ ಮರಳದಿಣ್ಣೆಗಳ ನಡುವೆ ಎಲ್ಲಿ ಕಿಂಡಿಯಿದೆಯೋ ಅಲ್ಲಿಂದ ಅದು ಒಟ್ಟಾಗಿ ಹೊರಗೆ ಹರಿಯುತ್ತದೆ. ಇದನ್ನೇ ಸೆಳವು ಎನ್ನುತ್ತೇವೆ. ನೀರಿನ ಮಟ್ಟ ತಗ್ಗಿದಾಗ ದಿಣ್ಣೆಗಳು ಮೇಲಕ್ಕೆ ಬಂದು, ಹಿಂದಿರುಗುವ ನೀರೆಲ್ಲ ಆ ಕಿಂಡಿಯಲ್ಲೇ ತೂರಬೇಕಾಗುವುದರಿಂದ ಸೆಳವಿನ ವೇಗ ಹೆಚ್ಚುತ್ತದೆ. ಪ್ರಬಲವಾದ ಸೆಳವು ಸೆಕೆಂಡಿಗೆ 2 ಮೀಟರಿನವರೆಗೂ ಹರಿಯಬಲ್ಲದು; ಅದರ ಎದುರು ಈಜಿ ದಡ ಸೇರುವುದು ನುರಿತ ಈಜುಗಾರರಿಗೂ ಸಾಧ್ಯವಿಲ್ಲ.

ಹೊರಗಿನಿಂದ ಬಂದವರು ನೀರಿಗಿಳಿಯಲು ಆರಿಸಿಕೊಳ್ಳುವುದು ಬಹುಮಟ್ಟಿಗೆ ಇದೇ ಜಾಗವನ್ನು ಎಂಬುದು ನನ್ನನ್ನು ಸದಾ ಕಾಡುವ ಸಂಗತಿ. ಸೆಳವಿರುವಲ್ಲಿ ನೀರು ಆಳವಾದ್ದರಿಂದ ಅಲೆಗಳು ಒಡೆಯುವುದಿಲ್ಲ. ಎರಡೂ ಬದಿಗೆ ಬಿಳಿನೊರೆ ಏಳುತ್ತಿದ್ದರೆ ನಡುವೆ ಮಾತ್ರ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಮಕ್ಕಳಿಗೆ ಇಲ್ಲಿ ಅಲೆಯೇ ಇಲ್ಲ ಎಂದುಕೊಂಡು ತಂದೆ-ತಾಯಿಗಳು ಅಲ್ಲಿಗೇ ಕರೆದೊಯ್ಯುತ್ತಾರೆ. ನೊರೆ, ಕಸಕಡ್ಡಿ ಅಥವಾ ಮರಳು ಕದಡಿದ ನೀರು ದಡದಿಂದ ಸಮುದ್ರದ ಕಡೆಗೆ ಸಾಗುತ್ತಿರುವುದು ಕಂಡರಂತೂ ಅನುಮಾನವೇ ಬೇಡ.

ಇದನ್ನು ಗುರುತಿಸಲು ಎತ್ತರದ ಜಾಗದಿಂದ ಹದಿನೈದು-ಇಪ್ಪತ್ತು ನಿಮಿಷ ಸುಮ್ಮನೆ ನೋಡಬೇಕು. ದೊಡ್ಡ ಅಲೆಗಳು ಗುಂಪುಗುಂಪಾಗಿ ಬರುತ್ತವೆ, ಎರಡು ಗುಂಪುಗಳ ನಡುವೆ ಕಡಲು ಪೂರ್ತಿ ತಣ್ಣಗಾದಂತೆ ತೋರುತ್ತದೆ; ಆ ಬಿಡುವಿನಲ್ಲಿ ಬಂದವರು ಕಡಲು ಶಾಂತವಾಗಿದೆ ಎಂದೇ ತಿಳಿಯುತ್ತಾರೆ. ಆಕಾಶ ನಿರ್ಮಲವಾಗಿದೆ ಎಂಬುದೂ ಭರವಸೆಯಲ್ಲ, ಏಕೆಂದರೆ ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿ ಎಬ್ಬಿಸಿದ ಅಲೆಗಳು ದಿನಗಳ ಬಳಿಕ ನಿಮ್ಮ ಮುಂದಿನ ದಡಕ್ಕೆ ಬಂದು ಒಡೆಯುತ್ತವೆ.

ಸೆಳವಿಗೆ ಸಿಕ್ಕಿದವರು ನೆನಪಿಡಬೇಕಾದದ್ದು ಇಷ್ಟು: ಅದು ಹೊರಗೆ ಒಯ್ಯುತ್ತದೆಯೇ ಹೊರತು ಕೆಳಗೆ ಎಳೆಯುವುದಿಲ್ಲ. ಜನ ಮುಳುಗುವುದು ಗಾಬರಿಯಿಂದ ಮತ್ತು ದಣಿವಿನಿಂದ. ದಡದತ್ತ ಈಜದೆ ತೇಲಿಕೊಂಡು ಕೈಯೆತ್ತಿ ಕೂಗಬೇಕು. ಈಜು ಬಲ್ಲವರಾದರೆ ದಡಕ್ಕೆ ಸಮಾನಾಂತರವಾಗಿ ಸಾಗಿ, ಅಲೆಗಳು ಒಡೆಯುತ್ತಿರುವ ಕಡೆಯಿಂದ ಹಿಂದಿರುಗಬೇಕು. ದಡದಲ್ಲಿರುವವರು ದಯವಿಟ್ಟು ಹಿಂದೆಯೇ ಧುಮುಕಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮನೆಯ ಇಬ್ಬರು ಮೂವರು ಜೀವ ಕಳೆದುಕೊಳ್ಳುವುದು ಹೀಗೆಯೇ. ಟ್ಯೂಬು, ಮುಚ್ಚಳ ಬಿಗಿದ ಖಾಲಿ ಕ್ಯಾನು, ತೇಲುವ ಯಾವುದನ್ನಾದರೂ ಅವರತ್ತ ಎಸೆದು ಜೀವರಕ್ಷಕರನ್ನು ಕರೆಯಿರಿ.

ಬಾವುಟಗಳ ವಿಷಯ ಸರಳ. ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗವನ್ನು ಜೀವರಕ್ಷಕರು ಕಾಯುತ್ತಿರುತ್ತಾರೆ. ಬರೀ ಕೆಂಪು ಬಾವುಟವಿದ್ದರೆ ನೀರಿಗೆ ಇಳಿಯಬಾರದು. ನೇರಳೆ ಬಣ್ಣದ್ದು ಕಂಡರೆ ಕುಟುಕುವ ಜೀವಿಗಳು ನೀರಿನಲ್ಲಿವೆ ಎಂದರ್ಥ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಲೆಯಿಲ್ಲದ ಜಾಗವೇ ಮಕ್ಕಳಿಗೆ ಸುರಕ್ಷಿತ ಎಂದು ನಾವೂ ಭಾವಿಸಿದ್ದೆವು. ಇನ್ನೆರಡು ಸಂದೇಹಗಳಿವೆ. ತಂದೆಯವರಿಗೆ ಬಂಡೆಗಳ ಮೇಲೆ ಕುಳಿತು ಸಮುದ್ರ ನೋಡುವ ಆಸೆ, ಮಕ್ಕಳಿಗೆ ಚಿಪ್ಪು-ಶಂಖಗಳನ್ನು ಆರಿಸುವ ಆಸೆ. ಇವುಗಳಿಂದ ತೊಂದರೆಯೇನಾದರೂ ಉಂಟೇ?

ಉತ್ತರ: ಮೀನುಗಾರ ಕುಟುಂಬದವರು

ಬಂಡೆಯ ಬಣ್ಣವನ್ನು ನೋಡಿ. ಕಪ್ಪಾಗಿ ಒದ್ದೆಯಾಗಿರುವ, ಪಾಚಿ ಹಿಡಿದಿರುವ ಭಾಗದವರೆಗೂ ಅಲೆ ಬರುತ್ತದೆ ಎಂದೇ ತಿಳಿಯಬೇಕು. ಈಗ ಅಲ್ಲಿಗೆ ನೀರು ಮುಟ್ಟುತ್ತಿಲ್ಲ ಎಂಬುದಕ್ಕೆ ಬೆಲೆಯಿಲ್ಲ. ಇಳಿತದಲ್ಲಿ ನಡೆದುಕೊಂಡು ಹೋಗಿ ತಲುಪಿದ ಬಂಡೆ ಉಬ್ಬರದಲ್ಲಿ ದ್ವೀಪವಾಗುತ್ತದೆ. ನೀರು ಒಂದೇ ಸಮನಾಗಿ ಏರುವುದೂ ಇಲ್ಲ. ಮೊದಲ ಗಂಟೆಯಲ್ಲಿ ಏರಿದ್ದೇ ತಿಳಿಯದಷ್ಟು ನಿಧಾನವಾಗಿದ್ದು, ಆರು ಗಂಟೆಗಳ ಏರಿಕೆಯಲ್ಲಿ ಸುಮಾರು ಅರ್ಧದಷ್ಟು ನಡುವಿನ ಎರಡು ಗಂಟೆಗಳಲ್ಲೇ ಮುಗಿದುಹೋಗುತ್ತದೆ. ಇನ್ನೂ ಸಮಯವಿದೆ ಎಂದು ಕುಳಿತವರ ಹಿಂದಿನ ದಾರಿ ಮುಚ್ಚುವುದು ಈ ಕಾರಣದಿಂದಲೇ. ತಂದೆಯವರನ್ನು ಮೇಲಿನ ಒಣಬಂಡೆಯ ಮೇಲೆ, ಸಮುದ್ರಕ್ಕೆ ಬೆನ್ನು ಮಾಡದಂತೆ ಕೂರಿಸಿ. ನೋಟಕ್ಕೆ ಏನೂ ಕೊರತೆಯಾಗುವುದಿಲ್ಲ.

ಚಿಪ್ಪುಗಳನ್ನು ಮಕ್ಕಳು ಧಾರಾಳವಾಗಿ ನೋಡಲಿ, ಕೈಯಲ್ಲಿ ಹಿಡಿಯಲಿ, ಆಮೇಲೆ ಅಲ್ಲೇ ಬಿಡಲಿ. ಖಾಲಿ ಶಂಖವನ್ನೇ ಮನೆ ಮಾಡಿಕೊಂಡು ಬದುಕುವ ಏಡಿಗಳಿವೆ. ಬೆಳೆದಂತೆ ಅವು ದೊಡ್ಡ ಶಂಖ ಹುಡುಕಿಕೊಂಡು ಹೋಗಬೇಕು. ಬಂದವರೆಲ್ಲ ಚೀಲ ತುಂಬಿಕೊಂಡು ಹೋದರೆ ಅವುಗಳಿಗೆ ಉಳಿಯುವುದೇನು? ಮರಳಿನ ಮೇಲೆ ಗಾಜಿನಂತೆ ಹೊಳೆಯುವ ಮೆತ್ತನೆಯ ಮುದ್ದೆ ಕಂಡರೆ ಮಾತ್ರ ಮುಟ್ಟಲು ಬಿಡಬೇಡಿ. ಅದು ಅಂಬಲಿ ಮೀನು. ಸತ್ತು ದಡಕ್ಕೆ ಬಿದ್ದ ಮೇಲೂ ಅದರ ಎಳೆಗಳು ಕುಟುಕುತ್ತವೆ.

ಮರಳಿನ ಮೇಲೆ ಹರಡಿದ ಬಲೆಗಳನ್ನು ತುಳಿಯಬೇಡಿ, ಅವುಗಳ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳಬೇಡಿ. ಯಾರೋ ಬಿಟ್ಟುಹೋದಂತೆ ಕಂಡರೂ ಅವು ಒಣಗಲೆಂದೋ ಹರಿದದ್ದನ್ನು ಹೆಣೆಯಲೆಂದೋ ಹಾಕಿದವು. ಬಲೆ ಹೆಣೆಯುತ್ತಿರುವವರನ್ನು ಮಾತನಾಡಿಸಿ, ಇವತ್ತು ಮಕ್ಕಳನ್ನು ಎಲ್ಲಿ ಇಳಿಸಬಹುದು ಎಂದು ಕೇಳಿ. ಮರಳದಿಣ್ಣೆಗಳು ಜಾಗ ಬದಲಿಸುತ್ತಿರುವುದರಿಂದ ಹೋದ ತಿಂಗಳು ಚೆನ್ನಾಗಿದ್ದ ಜಾಗ ಈಗ ಹಾಗಿರಬೇಕೆಂದಿಲ್ಲ, ಮತ್ತು ಅದು ಬೆಳಗಿನ ಜಾವ ಅಲ್ಲೇ ದೋಣಿ ಇಳಿಸಿದವರಿಗೆ ಗೊತ್ತಿರುತ್ತದೆ.

ಉತ್ತರ: ದಂಡೆಯ ನಿವಾಸಿ

ಜೀವರಕ್ಷಕರು ಇಳಿತದ ಬಗ್ಗೆ ಎಚ್ಚರಿಸಿದ್ದು ಸರಿಯಾಗಿದೆ. ನಾನು ಹೇಳಿದ್ದು ನಡಿಗೆಗೆ ಮಾತ್ರ. ಸಂಜೆ ಉಳಿಯುವುದಾದರೆ ಮರಳಿನ ಮೇಲೆ ಹಬ್ಬಿದ ಬಳ್ಳಿಗಳ ಆಚೆ, ಎಲ್ಲರೂ ಓಡಾಡುವ ದಾರಿಯಲ್ಲೇ ಕುಳಿತುಕೊಳ್ಳಿ, ಏಕೆಂದರೆ ಗಾಳಿಗೆ ಹಾರುವ ಮರಳನ್ನು ತಡೆದು ದಿಬ್ಬವಾಗಿ ನಿಲ್ಲಿಸುವುದು ಆ ಬಳ್ಳಿಗಳೇ, ಮತ್ತು ನಮ್ಮ ಮನೆಗಳಿಗೂ ಬಿರುಗಾಳಿಯ ಅಲೆಗಳಿಗೂ ಅಡ್ಡವಾಗಿರುವುದು ಆ ದಿಬ್ಬಗಳೇ. ಆಮೆಗಳು ಮೊಟ್ಟೆಯಿಡುವ ತೀರವಾದರೆ ಕತ್ತಲಾದ ಮೇಲೆ ಟಾರ್ಚ್ ಬೆಳಗಿಸಬೇಡಿ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿರುವ ದಿಕ್ಕನ್ನೇ ಕಡಲೆಂದು ತಿಳಿದು ಸಾಗುತ್ತವೆ. ಉಬ್ಬರ-ಇಳಿತದ ಪಟ್ಟಿ ಬಂದರು ಕಚೇರಿಗಳಲ್ಲಿಯೂ ಹವಾಮಾನದ ಆ್ಯಪ್‌ಗಳಲ್ಲಿಯೂ ಸಿಗುತ್ತದೆ. ನೀವು ಹೋಗುವ ದಿನಾಂಕ ಮತ್ತು ತೀರದ ಹೆಸರನ್ನು ಇಲ್ಲಿ ಬರೆದರೆ, ಆ ದಿನದ ವೇಳೆಯನ್ನು ನೋಡಿಕೊಂಡು ಎಷ್ಟು ಗಂಟೆಗೆ ಹೊರಡುವುದು ಒಳ್ಳೆಯದೆಂದು ನಾವು ತಿಳಿಸುತ್ತೇವೆ.