ಮೃದುವಾದ ಚಳಿಗಾಲದಲ್ಲಿ ಅಂಗಳದ ಆರೈಕೆ: ಅನುಭವಸ್ಥರ ಸಲಹೆ ಬೇಕು

ಪ್ರಶ್ನೆ:
ನಾವಿರುವ ಕಡೆ ಚಳಿಗಾಲವೆಂದರೆ ರಾತ್ರಿಯ ಉಷ್ಣಾಂಶ 8ರಿಂದ 12 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಹಗಲಿನಲ್ಲಿ ಹಿತವಾದ ಬಿಸಿಲಿರುತ್ತದೆ. ಮನೆಯ ಮುಂದೆ ಗರಿಕೆಯ ಹುಲ್ಲುಹಾಸು, ಬೇಲಿಯುದ್ದಕ್ಕೂ ದಾಸವಾಳ, ಹಿತ್ತಲಿನಲ್ಲಿ ಗುಲಾಬಿ ಹಾಗೂ ಎರಡು ದೊಡ್ಡ ಮರಗಳಿವೆ. ಈಗ ಹುಲ್ಲು ಕಂದುತ್ತಿದೆ, ಗುಲಾಬಿಯ ಎಲೆಗಳ ಮೇಲೆ ಬಿಳಿಯ ಪುಡಿ ಕಾಣಿಸಿಕೊಂಡಿದೆ, ತರಗೆಲೆ ರಾಶಿರಾಶಿಯಾಗಿ ಬೀಳುತ್ತಿದೆ. ಯಾವುದಕ್ಕೆ ಮೊದಲು ಕೈಹಾಕಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಹುಲ್ಲಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡದಿರಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ. ಗರಿಕೆ ಸೆಕೆಯನ್ನು ಬಯಸುವ ಹುಲ್ಲು. ಮಣ್ಣಿನ ಉಷ್ಣಾಂಶ ಸುಮಾರು 10 ಡಿಗ್ರಿಯತ್ತ ಇಳಿಯುತ್ತಿದ್ದಂತೆ ಅದು ಬೆಳವಣಿಗೆಯನ್ನು ನಿಲ್ಲಿಸಿ ಬಣ್ಣಗೆಡುತ್ತದೆ. ಅದು ಸಾಯುತ್ತಿಲ್ಲ, ವಿಶ್ರಾಂತಿ ಪಡೆಯುತ್ತಿದೆ. ಮೊದಲ ವರ್ಷ ನಾನು ಇದನ್ನು ಬಾಯಾರಿಕೆಯೆಂದು ತಿಳಿದು, ದಿನವೂ ಸಂಜೆ ನೀರು ಹಾಯಿಸಿದೆ. ಅದೂ ಸಾಲದೆಂಬಂತೆ ಯೂರಿಯಾವನ್ನೂ ಎರಚಿದೆ. ಹುಲ್ಲು ಹೀರಿಕೊಳ್ಳದ ಗೊಬ್ಬರ ಕಳೆಗಳ ಪಾಲಾಯಿತು, ರಾತ್ರಿಯಿಡೀ ಒದ್ದೆಯಾಗಿ ನಿಂತ ಜಾಗಗಳಲ್ಲಿ ಹುಲ್ಲು ದುಂಡುದುಂಡಾಗಿ ಕೊಳೆಯಿತು. ಅಂದಿನಿಂದ ಚಳಿಗಾಲದಲ್ಲಿ ಗರಿಕೆಗೆ ಸಾರಜನಕದ ಗೊಬ್ಬರವನ್ನು ಹಾಕುವುದನ್ನೇ ಬಿಟ್ಟಿದ್ದೇನೆ.

ಹುಲ್ಲು ಜೀವಂತವಾಗಿದೆಯೇ ಎಂಬ ಅನುಮಾನವಿದ್ದರೆ ಒಂದು ಹಿಡಿಯನ್ನು ಮೆಲ್ಲಗೆ ಎಳೆದು ನೋಡಿ. ನೆಲಕ್ಕಂಟಿದ ಬಳ್ಳಿ ಗಟ್ಟಿಯಾಗಿದ್ದು, ಗೆಣ್ಣುಗಳ ಬಳಿ ಬಿಳಿ ಅಥವಾ ಹಸಿರು ಬಣ್ಣವಿದ್ದರೆ ಚಿಂತೆಯಿಲ್ಲ. ಬೆರಳನ್ನು ಮಣ್ಣಿನೊಳಗೆ 5 ಸೆಂಟಿಮೀಟರ್‌ನಷ್ಟು ಇಳಿಸಿದಾಗ ತೇವ ತಾಗಿದರೆ ಆ ದಿನ ನೀರು ಬೇಡ. ಒಣಗಿದ್ದರೆ ಬೆಳಗಿನ ಹೊತ್ತು ಕೊಡಿ, ಎಲೆಗಳು ಸಂಜೆಯೊಳಗೆ ಆರುತ್ತವೆ. ಕಟಾವು ಅಗತ್ಯಬಿದ್ದರೂ ಒಮ್ಮೆಗೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

ಉತ್ತರ 2:
ನೀರಿನ ಬಗ್ಗೆ ಮೇಲೆ ಬರೆದಿರುವುದನ್ನು ಒಪ್ಪುತ್ತೇನೆ, ಆದರೆ ಒಂದು ತಿದ್ದುಪಡಿಯಿದೆ. ಕುಂಡದ ಗಿಡಗಳು, ಈ ವರ್ಷವೇ ನೆಟ್ಟ ಸಸಿಗಳು ಹಾಗೂ ಸೂರಿನ ಕೆಳಗಿನ ಪಾತಿ ಚಳಿಗಾಲದಲ್ಲಿಯೂ ಒಣಗುತ್ತವೆ. ಹುಲ್ಲುಹಾಸಿನ ಅಳತೆಯನ್ನು ಅವುಗಳಿಗೆ ಹಚ್ಚಿದರೆ ಗಿಡವನ್ನು ಕಳೆದುಕೊಳ್ಳಬೇಕಾಗುತ್ತದೆ.

ಗುಲಾಬಿಯ ಮೇಲಿನ ಬಿಳಿ ಪುಡಿ ಬೂದಿ ರೋಗದ ಶಿಲೀಂಧ್ರ. ಬೇರೆ ಹಲವು ಶಿಲೀಂಧ್ರಗಳಂತೆ ಇದಕ್ಕೆ ಎಲೆಯ ಮೇಲೆ ನೀರು ನಿಂತಿರಬೇಕೆಂಬ ನಿಯಮವಿಲ್ಲ. ಒಣ ಹಗಲು ಮತ್ತು ತಂಪಾದ, ತೇವಭರಿತ ರಾತ್ರಿಗಳೇ ಇದಕ್ಕೆ ಸಾಕು. ಆದ್ದರಿಂದ ನೀರನ್ನು ನಿಲ್ಲಿಸಿದ ಮಾತ್ರಕ್ಕೆ ರೋಗ ಹೋಗುವುದಿಲ್ಲ. ಹೆಚ್ಚು ಬಾಧೆಗೊಳಗಾದ ಎಲೆಗಳನ್ನು ಕಿತ್ತು ಅಂಗಳದಿಂದ ಹೊರಗೆ ಹಾಕಿ, ಗಿಡದ ನಡುವೆ ಗಾಳಿಯಾಡುವಂತೆ ಮಾಡಿ. ಬೇವಿನೆಣ್ಣೆಯನ್ನಾಗಲಿ ಗಂಧಕವನ್ನಾಗಲಿ ಸಿಂಪಡಿಸಬಹುದು, ಆದರೆ ಎರಡರ ನಡುವೆ ಕನಿಷ್ಠ ಎರಡು ವಾರಗಳ ಅಂತರವಿರಲಿ. ಇಲ್ಲದಿದ್ದರೆ ಎಲೆಗಳೇ ಸುಟ್ಟುಹೋಗುತ್ತವೆ.

ಗುಲಾಬಿ, ದಾಸವಾಳಗಳ ದೊಡ್ಡ ಸವರುವಿಕೆಗೆ ಈಗಲೇ ಕತ್ತರಿ ಹಿಡಿಯಬೇಡಿ. ಚಳಿಗಾಲದ ನಡುವೆ ಕತ್ತರಿಸಿದರೆ, ನಾಲ್ಕು ದಿನ ಬಿಸಿಲೇರಿದ ಕೂಡಲೇ ಎಳೆಯ ಚಿಗುರು ಬಂದು, ಮುಂದಿನ ಚಳಿಗೆ ಕಮರುತ್ತದೆ. ಚಳಿ ಕಳೆಯುವ ಹೊತ್ತಿಗೆ, ಗುಲಾಬಿಯ ಕಣ್ಣುಗಳು (ಕಾಂಡದಲ್ಲಿ ಹೊಸ ಚಿಗುರು ಒಡೆಯುವ ಗಂಟುಗಳು) ಉಬ್ಬತೊಡಗಿದಾಗ, ಹೊರಮುಖವಾದ ಕಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಇವೆರಡೂ ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಆಗ ನಷ್ಟವಿಲ್ಲ. ಚಳಿಗಾಲ ಮುಗಿಯುತ್ತಲೇ ಹಳೆಯ ರೆಂಬೆಗಳಲ್ಲಿ ಹೂಬಿಡುವ ಅಜೇಲಿಯಾದಂಥ ಗಿಡಗಳಿದ್ದರೆ ಮಾತ್ರ ಹೂ ಮುಗಿಯುವವರೆಗೂ ಮುಟ್ಟಬೇಡಿ, ಏಕೆಂದರೆ ಕತ್ತರಿಸಿದ್ದೆಲ್ಲ ಆ ವರ್ಷದ ಮೊಗ್ಗೇ ಆಗಿರುತ್ತದೆ.

ಉತ್ತರ 3:
ತರಗೆಲೆಯನ್ನು ಸುಡುವವರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ಹುಲ್ಲಿನ ಮೇಲೆ ದಪ್ಪವಾಗಿ ಬಿದ್ದ ಎಲೆಯನ್ನು ಗುಡಿಸಲೇಬೇಕು, ಏಕೆಂದರೆ ಬೆಳಕು ತಲುಪದೆ ಹುಲ್ಲು ಕೊಳೆಯುತ್ತದೆ; ಆದರೆ ಗುಡಿಸಿದ ಎಲೆಯನ್ನು ಗಿಡಗಳ ಬುಡದಲ್ಲಿ 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಕಾಂಡದ ಸುತ್ತ ಒಂದು ಗೇಣು ಬಿಡಿ. ರೋಗ ತಗುಲಿದ ಗುಲಾಬಿ ಎಲೆಗಳನ್ನು ಇದರಲ್ಲಿ ಸೇರಿಸಬೇಡಿ. ಉಳಿದ ಎಲೆಯನ್ನು ಉದ್ದ, ಅಗಲ, ಎತ್ತರ ತಲಾ ಒಂದು ಮೀಟರ್ ಇರುವ ರಾಶಿಯಾಗಿ ಪೇರಿಸಿ, ತೇವವಾಗಿಡಿ. ರಾಶಿ ಅದಕ್ಕಿಂತ ಚಿಕ್ಕದಾದರೆ ಒಳಗಿನ ಬಿಸಿ ನಿಲ್ಲುವುದಿಲ್ಲ.

ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಅಪರೂಪಕ್ಕೆ ಒಂದೆರಡು ರಾತ್ರಿ ಉಷ್ಣಾಂಶ 3 ಡಿಗ್ರಿಗೆ ಇಳಿಯುವುದುಂಟು. ಆಗ ಗಿಡಗಳನ್ನು ಮುಚ್ಚಬೇಕೇ?

ಉತ್ತರ 1:
ಆಕಾಶ ತಿಳಿಯಾಗಿದ್ದು ಗಾಳಿಯಿಲ್ಲದ ರಾತ್ರಿಯಾದರೆ ಮುಚ್ಚಬೇಕು. ಅಂಥ ರಾತ್ರಿ ಎಲೆಯ ಮೇಲ್ಮೈ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುವುದರಿಂದ, ಉಷ್ಣಮಾಪಕ 3 ಡಿಗ್ರಿ ತೋರಿಸುತ್ತಿದ್ದರೂ ಇಬ್ಬನಿ ಹೆಪ್ಪುಗಟ್ಟಬಹುದು. ತಗ್ಗಿನಲ್ಲಿರುವ ಗಿಡಗಳಿಗೆ ಅಪಾಯ ಹೆಚ್ಚು. ಅಂದು ಬೆಳಿಗ್ಗೆಯೇ ಮಣ್ಣಿಗೆ ನೀರುಣಿಸಿ, ಏಕೆಂದರೆ ತೇವವಾದ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚಾಗಿ ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುತ್ತದೆ. ಸೂರ್ಯಾಸ್ತಕ್ಕೆ ಮೊದಲೇ ಹಳೆಯ ಬಟ್ಟೆಯನ್ನು ನೆಲ ಮುಟ್ಟುವಂತೆ ಹೊದಿಸಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಗೆಯಿರಿ. ಪ್ಲಾಸ್ಟಿಕ್ ಎಲೆಗೆ ತಾಗಿದಲ್ಲೆಲ್ಲ ಎಲೆ ಕಮರುತ್ತದೆ.

ಅಷ್ಟಾಗಿಯೂ ದಾಸವಾಳದ ತುದಿಗಳು ಕಪ್ಪಾದರೆ ಕೂಡಲೇ ಕತ್ತರಿಸಬೇಡಿ. ಸತ್ತ ತುದಿಯೇ ಕೆಳಗಿನ ಭಾಗಕ್ಕೆ ಒಂದಿಷ್ಟು ರಕ್ಷಣೆ ಕೊಡುತ್ತದೆ. ಚಳಿ ಸರಿದ ಮೇಲೆ ತೊಗಟೆಯನ್ನು ಉಗುರಿನಿಂದ ಮೇಲಿನಿಂದ ಕೆಳಕ್ಕೆ ಅಲ್ಲಲ್ಲಿ ಕೆರೆಯುತ್ತ ಬನ್ನಿ. ಒಳಗೆ ಹಸಿರು ಕಂಡಲ್ಲಿಂದ ಕೊಂಚ ಮೇಲೆ ಕತ್ತರಿಸಿದರೆ ಸಾಕು.