ಅಜ್ಜನ ಹಾಬಿಟ್ ಫಸ್ಟ್ ಎಡಿಷನ್ನಾ ಅಂತ ನೋಡುದು ಹೇಗೆ?

ಬದಿಯಡ್ಕದಿಂದ:
ನಮಸ್ಕಾರ ಎಲ್ರಿಗೂ. ಅಜ್ಜ ಮದ್ರಾಸಿನಲ್ಲಿ ಕೆಲಸದಲ್ಲಿದ್ದಾಗ ತಗೊಂಡ ಇಂಗ್ಲಿಷ್ ಪುಸ್ತಕಗಳು ಅಟ್ಟದ ಪೆಟ್ಟಿಗೆಯಲ್ಲಿ ಇದ್ದವು, ಅದ್ರಲ್ಲಿ ಟೋಲ್ಕಿನ್‌ನ ಹಾಬಿಟ್ ಅಂತ ಫ್ಯಾಂಟಸಿ ಕಾದಂಬರಿ ಸಿಕ್ಕಿತು. ಹಸಿರು ಬಟ್ಟೆಯ ರಟ್ಟು, ಮೇಲೆ ನೀಲಿಯಲ್ಲಿ ಬೆಟ್ಟ, ಡ್ರ್ಯಾಗನ್ ಎಲ್ಲ ಉಂಟು, ಜಾಕೆಟ್ (ಮೇಲಿನ ಕಾಗದದ ಹೊದಿಕೆ) ಇಲ್ಲ. ಒಳಗೆ 1937 ಅಂತ ಉಂಟು. ಇದು ಫಸ್ಟ್ ಎಡಿಷನ್ ಇರಬಹುದಾ? ಬೆನ್ನು ಸ್ವಲ್ಪ ಸಡಿಲ ಆಗಿದೆ, ಬೈಂಡಿಂಗಿಗೆ ಕೊಡುವ ಅಂತ ಮನೆಯಲ್ಲಿ ಹೇಳ್ತಾರೆ. ಮಾರ್ಲಿಕ್ಕೆ ಅಲ್ಲ, ಹಳೇ ಫ್ಯಾಂಟಸಿ ಪುಸ್ತಕ ಸಂಗ್ರಹ ಮಾಡ್ಬೇಕು ಅಂತ ನಂಗೆ ಭಾರೀ ಆಸೆ.

ಮಂಜೇಶ್ವರದಿಂದ:
ಬೈಂಡಿಂಗಿಗೆ ಮಾತ್ರ ಕೊಡ್ಬೇಡಿ ಮಾರಾಯ್ರೆ!! ಅಂಚು ಕತ್ತರಿಸಿ ಹೊಸ ರಟ್ಟು ಹಾಕಿಬಿಟ್ರೆ ಸಂಗ್ರಹ ಮಾಡುವವರ ಮಟ್ಟಿಗೆ ಆ ಪುಸ್ತಕ ಮುಗಿದ ಹಾಗೆ. 1937 ಅಂತ ಇದ್ರೆ ಸಾಕಾಗುದಿಲ್ಲ, ನಂತರದ ಪ್ರತಿಗಳಲ್ಲೂ ಆ ಸಾಲು ಇರ್ತದೆ, ಅದರ ಕೆಳಗೆ ಬೇರೆ ಇಂಪ್ರೆಷನ್‌ಗಳ (ಅಂದ್ರೆ ಮರುಮುದ್ರಣಗಳ) ಇಸವಿ ಇದೆಯಾ ನೋಡಿ. ಪ್ರಕಾಶಕರಾದ ಅಲೆನ್ ಅಂಡ್ ಅನ್ವಿನ್‌ನವರು 1937ರ ಸೆಪ್ಟೆಂಬರಿನಲ್ಲಿ ಮೊದಲು ಹೊರಗೆ ತಂದದ್ದು ಬರೇ 1,500 ಪ್ರತಿ, ಡಿಸೆಂಬರಿನೊಳಗೆ ಖಾಲಿ, ಎರಡನೇ ಇಂಪ್ರೆಷನ್ನಿಗೆ ಬಣ್ಣದ ಚಿತ್ರ ಸೇರಿಸಿದ್ರು. ಹಾಗಾಗಿ ಮೊದಲನೆಯದ್ರಲ್ಲಿ ಬಣ್ಣದ ಚಿತ್ರ ಇರುದಿಲ್ಲ.

ಇನ್ನೊಂದು, ಐದನೇ ಅಧ್ಯಾಯ ಓದಿ, ನಂಗೆ ತುಂಬಾ ಇಷ್ಟದ ಪರೀಕ್ಷೆ ಇದು. ಒಗಟಿನ ಪಂದ್ಯದಲ್ಲಿ ಸೋತ್ರೆ ಉಡುಗೊರೆ ಕೊಡ್ತೇನೆ ಅಂತ ಗುಹೆಯಲ್ಲಿರುವ ಗೋಲಮ್ ಎಂಬ ಜೀವಿ ಹೇಳಿ, ಸೋತ ಮೇಲೆ ಕೊಡ್ಬೇಕಾದ ಮಾಯದ ಉಂಗುರ ಸಿಗದೆ ಕ್ಷಮೆ ಕೇಳಿ ಕಥಾನಾಯಕ ಬಿಲ್ಬೋಗೆ ದಾರಿ ತೋರಿಸಿದ್ರೆ ಅದು ಹಳೇ ಆವೃತ್ತಿ. ಉಂಗುರ ಹೋಯ್ತು ಅಂತ ಗೊತ್ತಾಗಿ ಸಿಟ್ಟಲ್ಲಿ ಕಿರುಚಿಕೊಂಡು ಅಟ್ಟಿಸಿಕೊಂಡು ಬಂದ್ರೆ 1951ರಲ್ಲಿ ಬದಲಾದದ್ದು. ಮುಂದಿನ ದೊಡ್ಡ ಕಥೆ ಲಾರ್ಡ್ ಆಫ್ ದ ರಿಂಗ್ಸ್‌ನಲ್ಲಿ ಉಂಗುರಕ್ಕೆ ಅಷ್ಟು ಶಕ್ತಿ ಬಂದ ಮೇಲೆ ಅದನ್ನ ಸುಮ್ಮನೆ ಉಡುಗೊರೆ ಕೊಡುವ ಗೋಲಮ್ ಹೊಂದ್ಲಿಕ್ಕಿಲ್ಲ ಅಲ್ವಾ.

ನೀರ್ಚಾಲಿನಿಂದ:
ಮೊದಲು ಅಟ್ಟದಿಂದ ಇಳಿಸಿ. ನಮ್ಮ ಕಡೆ ಆಟಿಯ ಮಳೆಗೆ ಕೆಂಪುಕಲ್ಲಿನ ಗೋಡೆ ನೀರು ಎಳೀತದೆ, ಗೋಡೆಗೆ ತಾಗಿಸಿದ ಕಪಾಟಿನ ಪುಸ್ತಕಕ್ಕೆ ಬೂಸು ಬರ್ತದೆ, ಆಮೇಲೆ ಒರಲೆ. ನಾಲ್ಕು ಬೆರಳು ಜಾಗ ಬಿಟ್ಟು, ನೆಟ್ಟಗೆ ನಿಲ್ಲಿಸಿ, ಗಾಳಿ ಆಡ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡ್ಬೇಡಿ, ಒಳಗಿನ ಥಂಡಿ ಅಲ್ಲೇ ಉಳೀತದೆ. ಬಿಸಿಲಿಗೂ ಬೇಡ, ಬಟ್ಟೆಯ ಹಸಿರು ಬಿಳಿಚಿಕೊಳ್ತದೆ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ, ಅದರ ಗೋಂದಿನ ಕಲೆ ಕಾಗದದಿಂದ ಹೋಗುದಿಲ್ಲ. ಬೆನ್ನು ಸಡಿಲ ಇದ್ರೆ ಸದ್ಯಕ್ಕೆ ಹತ್ತಿಯ ಪಟ್ಟಿಯಲ್ಲಿ ಮೆತ್ತಗೆ ಕಟ್ಟಿಡಿ.

ಬದಿಯಡ್ಕದಿಂದ:
ನೋಡಿದೆ. 1937 ಎರಡು ಸಲ ಉಂಟು, ಆಮೇಲೆ 1942, 1946, ಕೊನೆಗೆ ಸೆಕೆಂಡ್ ಎಡಿಷನ್ 1951. ಗೋಲಮ್ ಅಟ್ಟಿಸಿಕೊಂಡೇ ಬರ್ತಾನೆ 😞

ಮಂಜೇಶ್ವರದಿಂದ:
ಬೇಜಾರು ಯಾಕೆ? 1951ರ ನಂತರ ಬೇರೆ ಇಸವಿ ಇಲ್ಲ ಅಂದ್ರೆ ಅದು ಎರಡನೇ ಎಡಿಷನ್ನಿನ ಮೊದಲ ಪ್ರಿಂಟ್, ಈಗ ಎಲ್ರಿಗೂ ಗೊತ್ತಿರುವ ಗೋಲಮ್ ಮೊದಲು ಬಂದದ್ದೇ ಅದ್ರಲ್ಲಿ. ಹಾಬಿಟ್ ಸಂಗ್ರಹ ಮಾಡುವವರು ಅದನ್ನೂ ಹುಡುಕ್ತಾರೆ. ಮೊದಲ ಪುಟದಲ್ಲಿ ಅಜ್ಜನ ಸಹಿ ಇದ್ರೆ ಉಜ್ಜಿ ತೆಗೀಬೇಡಿ, ಹಾಗೇ ಇರ್ಲಿ. ಪೆಟ್ಟಿಗೆಯಲ್ಲಿ ಬೇರೆ ಎಂತೆಲ್ಲ ಉಂಟು, ಫೋಟೋ ಹಾಕಿ.