ಸಹಾಯ ಬೇಕು: ಕಣ್ಣೆದುರೇ ತೋರಿಸಿದರೂ ಹೆದರಿಸುವ ಚಿತ್ರಗಳು ಯಾವುವು?

ಎಲ್ಲರಿಗೂ ನಮಸ್ಕಾರ. ಈಚೆಗೆ ನೋಡಿದ ಹೆಚ್ಚಿನ ದೆವ್ವದ ಚಿತ್ರಗಳು ನನ್ನನ್ನು ಬೆಚ್ಚಿಬೀಳಿಸುತ್ತವೆಯೇ ಹೊರತು ಹೆದರಿಸುತ್ತಿಲ್ಲ. ಅಂತಹ ಕೆಲವು ದೃಶ್ಯಗಳನ್ನು ಧ್ವನಿ ನಿಲ್ಲಿಸಿ ನೋಡಿದಾಗ, ಭಯವೆಲ್ಲ ಆ ಹಠಾತ್ ಸದ್ದಿನಲ್ಲೇ ಇತ್ತೆಂಬುದು ತಿಳಿಯಿತು (ಒಂದೆರಡು ಕಡೆ ನಗುವೇ ಬಂತು).

ಹಾಗಾಗಿ ಹಳೆಯ ಚಿತ್ರಗಳತ್ತ ತಿರುಗಿದೆ. 1963ರ ‘ದಿ ಹಾಂಟಿಂಗ್’ನಲ್ಲಿ ದೆವ್ವ ಕಾಣಿಸುವುದೇ ಇಲ್ಲ, ಬಾಗಿಲಾಚೆಯ ಬಡಿತ ಮತ್ತು ಒಳಕ್ಕೆ ಉಬ್ಬುವ ಆ ಮರದ ಬಾಗಿಲೇ ಮೈ ನಡುಗಿಸಲು ಸಾಕು. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಕೂಡ ಮಾಟಗಾತಿಯನ್ನು ಕೊನೆಯವರೆಗೂ ತೋರಿಸುವುದಿಲ್ಲ. ಕಾಣದಿರುವುದೇ ಭಯದ ಮೂಲವೆಂದು ತೀರ್ಮಾನಿಸುವಷ್ಟರಲ್ಲಿ 1998ರ ಜಪಾನಿನ ‘ರಿಂಗು’ ಅಡ್ಡಬಂತು. ಅದರಲ್ಲಿ ಪ್ರೇತವು ಟೀವಿ ಪರದೆಯಿಂದ ತೆವಳಿಕೊಂಡು ಹೊರಬರುವುದನ್ನು ನೇರವಾಗಿಯೇ ತೋರಿಸುತ್ತಾರೆ. ಆದರೂ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಅದೇ ದೃಶ್ಯ. ಅಷ್ಟು ಹೊತ್ತಿಗೆ ಅಪಾಯ ಕಳೆಯಿತೆಂದು ನಾವು ನಂಬಿರುವುದು ಇದಕ್ಕೆ ಕಾರಣವೋ, ಆ ಆಕೃತಿಯ ಅಸಹಜ ಚಲನೆ ಕಾರಣವೋ ಎಂಬುದು ಹಲವು ವಿಮರ್ಶೆಗಳನ್ನು ಓದಿದರೂ ಬಗೆಹರಿಯಲಿಲ್ಲ.

ಭಯದ ವಸ್ತುವನ್ನು ಮುಚ್ಚಿಡದೆ, ಸದ್ದಿನ ಆಸರೆಯನ್ನೂ ಪಡೆಯದೆ, ನಿಮ್ಮನ್ನು ನಿಜವಾಗಿ ಹೆದರಿಸಿದ ಚಿತ್ರ ಯಾವುದು, ಮತ್ತು ಅದರ ಯಾವ ದೃಶ್ಯ ಯಾವ ಕಾರಣದಿಂದ ಹಾಗೆ ಮಾಡಿತು ಎಂಬುದನ್ನು ದಯವಿಟ್ಟು ತಿಳಿಸುವಿರಾ?